ನಳಿಗೆ ಹಾಕಿದ್ದು ಯಾರು

ಡೇನೆಶ್ ಮಾಮನ ಕೈ ನಡುಗುತ್ತದೆ ಎಂಬುದು ಎನಿಕೋಗೆ ಗೊತ್ತಾಗಿ ಒಂದು ವರ್ಷವಾಗಿತ್ತು. ಹಿಂದಿನ ಶರತ್ಕಾಲದ ಹಂದಿ ಬೇಟೆಯ ದಿನ ಅವನ ಬೆರಳುಗಳಿಂದ ತೋಟಾ ಜಾರಿ ಎಲೆಗಳ ಮೇಲೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡ, ಮತ್ತೆ ಜಾರಿತು. ಎನಿಕೋ ತಟ್ಟನೆ ಬೇರೆ ಕಡೆ ತಿರುಗಿ ದುರ್ಬೀನು ಒರೆಸುತ್ತ ನಿಂತಳು. ತಾನು ನೋಡಿದೆನೆಂದು ಅವನಿಗೆ ಗೊತ್ತಾಗಬಾರದು ಎಂಬುದೊಂದೇ ಆಗ ಅವಳ ತಲೆಯಲ್ಲಿದ್ದದ್ದು.

ಅವಳು ಫೆನ್ಯೋಶ್ ಊರಿನ ಬೇಟೆ ಸಂಘದ ಸಂಬಳದ ಬೇಟೆಗಾರ್ತಿ. ನಲವತ್ತಮೂರು ವಯಸ್ಸು, ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಕೆಲಸ. ಅವಳು ಸೇರಿದಾಗ ಸಂಘದ ಗಂಡಸರು, "ಕೋಳಿ ಕುಯ್ಯೋದಲ್ಲ ಕಣಮ್ಮ ಇದು" ಎಂದು ನಕ್ಕಿದ್ದರು. ಆಗ ಹಿರಿಯ ಬೇಟೆಗಾರನಾಗಿದ್ದ ಡೇನೆಶ್ ಎದ್ದು ನಿಂತು, "ಗುರಿ ಹಿಡಿಯೋದು ಕಣ್ಣಿನಿಂದ್ಲೋ ಮೀಸೆಯಿಂದ್ಲೋ? ಮೀಸೆಯಿಂದ ಅನ್ನೋರು ಮುಂದೆ ಬನ್ನಿ, ಪಂದ್ಯ ಕಟ್ಟೋಣ" ಎಂದಿದ್ದ. ಯಾರೂ ಬಂದಿರಲಿಲ್ಲ. ಹೆಜ್ಜೆ ಗುರುತು, ಗಾಳಿಯ ದಿಕ್ಕು, ಗಾಯವಾದ ಪ್ರಾಣಿಯ ಹಿಂದೆ ಎಷ್ಟು ಹೊತ್ತು ಬಿಟ್ಟು ಹೋಗಬೇಕು, ಎಲ್ಲವನ್ನೂ ಅವನೇ ಕಲಿಸಿದ. ಅಪ್ಪನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಅವಳು ಅವನನ್ನು ಮಾಮ ಎಂದು ಕರೆದದ್ದು ಬರೀ ಬಾಯಿಮಾತಿಗಲ್ಲ.

ಮೂರು ವರ್ಷದ ಕೆಳಗೆ ಸಂಘ ಒಂದು ಹೊಸ ರೈಫಲ್ ಕೊಂಡಿತು. ಒಡಲು ಒಂದೇ, ನಳಿಗೆ ಎರಡು. ಚಿಗರೆಗೂ ನರಿಗೂ ತೆಳು ನಳಿಗೆ, ಸಣ್ಣ ಗುಂಡು; ಹಂದಿಗೂ ಕರಡಿಗೂ ದಪ್ಪ ನಳಿಗೆ, ಬೆರಳಿನಷ್ಟು ದಪ್ಪದ ತೋಟಾ. ನಳಿಗೆ ಬದಲಾಯಿಸಿದರೆ ಅದರ ಜೊತೆಗೆ ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟಿನ ತಲೆಯನ್ನೂ ತೋಟಾ ತುಂಬುವ ಮ್ಯಾಗಜಿನ್ನನ್ನೂ ಬದಲಾಯಿಸಬೇಕು. ನಳಿಗೆಯನ್ನು ಒಡಲಿಗೆ ಕಚ್ಚಿ ಹಿಡಿಯುವುದು ಹೊಟ್ಟೆಯ ಕೆಳಗಿನ ಎರಡು ತಿರುಪುಗಳು. ಪಳಗಿದ ಕೈಗೆ ಹತ್ತು ನಿಮಿಷದ ಕೆಲಸ. "ಇದೇನು ಬಂದೂಕೋ, ಮಕ್ಕಳ ಆಟದ ಸಾಮಾನೋ?" ಎಂದು ಮೊದಲು ಮೂಗು ಮುರಿದವನು ಡೇನೆಶ್. ಒಂದು ತಿಂಗಳಲ್ಲಿ ಅವನಷ್ಟು ಚೆನ್ನಾಗಿ ಅದನ್ನು ಬಿಚ್ಚಿ ಕೂಡಿಸುವವರು ಸಂಘದಲ್ಲಿ ಇನ್ನೊಬ್ಬರಿರಲಿಲ್ಲ. ಎನಿಕೋಗೆ ಹೇಳಿಕೊಟ್ಟವನೂ ಅವನೇ. ಎರಡೂ ತಿರುಪನ್ನು ಅದಕ್ಕೆಂದೇ ಇರುವ ಬಿಗಿಯುವ ಕೀಲಿಯಿಂದ ಟಕ್ ಎಂದು ಸದ್ದು ಬರುವವರೆಗೆ ಬಿಗಿಯಬೇಕು. ಆಮೇಲೆ ಕಾಗದದ ಗುರಿಗೆ ಒಂದು ಈಡು ಹೊಡೆದು ಎಲ್ಲಿ ಬಿತ್ತೆಂದು ನೋಡಬೇಕು. ನೋಡದೆ ಯಾವ ಪ್ರಾಣಿಯ ಕಡೆಗೂ ನಳಿಗೆ ತಿರುಗಿಸಬಾರದು.

ತೋಟಾ ಜಾರಿದ ಆ ಹಂದಿ ಬೇಟೆಯ ನಂತರದ ವಸಂತದಲ್ಲಿ ಲೈಸೆನ್ಸಿನ ವೈದ್ಯಕೀಯ ಪರೀಕ್ಷೆಯಲ್ಲಿ ಡೇನೆಶ್ ನಪಾಸಾದ. ಬಂದೂಕುಗಳನ್ನು ಮಾರಿದ. ಕಾರಣ ಕೇಳಿದವರಿಗೆ, "ಅರವತ್ತೆಂಟಾಯ್ತು, ಸಾಕಪ್ಪ, ಕರಡಿಗಳೂ ಸ್ವಲ್ಪ ಉಸಿರಾಡ್ಲಿ" ಎನ್ನುತ್ತಿದ್ದ. ಆದರೆ ಬಂದೂಕು, ನಳಿಗೆಗಳನ್ನು ಇಡುವ ಸಂಘದ ಕಬ್ಬಿಣದ ಬೀರು ಅವನ ಮನೆಯ ಕೆಳಕೋಣೆಯಲ್ಲೇ ಉಳಿದಿತ್ತು. ಬೀರುವಿನ ಒಂದು ಕೀಲಿ ಎನಿಕೋ ಬಳಿ ಇತ್ತು. ಇರಬಾರದಾಗಿದ್ದರೂ ಇನ್ನೊಂದು ಅವನ ಬಳಿಯೇ ಇತ್ತು. ಅದನ್ನು ವಾಪಸ್ಸು ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೇಯರ್ ಗೆರೇಬ್ ಫೋನ್ ಮಾಡಿದ. ಎರಡು ದಿನದ ಹಿಂದೆ ಹುಲ್ಲು ಕೊಯ್ಯುತ್ತಿದ್ದವನ ಭುಜ ಹರಿದಿದ್ದ ಕರಡಿ ಈಗ ಶಾಲೆಯ ಹಿಂದಿನ ಪ್ಲಮ್ ತೋಟದಲ್ಲಿ ಕೂತಿತ್ತು. ತೊಂಬತ್ತು ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಜಡಿದಿದ್ದರು.

ಎನಿಕೋ ಬೆಳಗ್ಗಿನಿಂದ ಚಿಗರೆಗಾಗಿ ಮೇಲಿನ ಹುಲ್ಲುಗಾವಲಿನಲ್ಲಿದ್ದಳು. ರೈಫಲ್ಲಿನಲ್ಲಿ ತೆಳು ನಳಿಗೆ. ಆ ಗುಂಡಿನಲ್ಲಿ ಕರಡಿಗೆ ಹೊಡೆಯುವುದೂ ಒಂದೇ, ಕಲ್ಲೆಸೆದು ಕೆಣಕುವುದೂ ಒಂದೇ. ಗಾಡಿ ಓಡಿಸುತ್ತಲೇ ಡೇನೆಶ್‌ಗೆ ಫೋನ್ ಮಾಡಿದಳು.

"ಮಾಮ, ದಪ್ಪ ನಳಿಗೆ ಬೇಕು. ಶಾಲೆ ಹತ್ರ. ನಿಮ್ಮ ಮನೆಗೆ ಬಂದು ಹೋಗೋಕೆ ಟೈಮಿಲ್ಲ."

"ಹೊರಟೆ" ಎಂದಷ್ಟೇ ಅಂದ. ಆ ಒಂದು ಮಾತಿನಲ್ಲಿ ಹತ್ತು ವರ್ಷ ಕಿರಿಯವನಾದವನ ದನಿಯಿತ್ತು.

ಅವಳು ಶಾಲೆ ಮುಟ್ಟುವಷ್ಟರಲ್ಲಿ ಅವನ ಹಳೆಯ ಕಾರು ಅಲ್ಲಿ ನಿಂತಿತ್ತು. ಮೇಯರ್, ಒಬ್ಬ ಪೊಲೀಸ, ಪಶುವೈದ್ಯ ಬಾರ್ನಾ ಗೋಡೆಯ ಮರೆಯಲ್ಲಿದ್ದರು. ಬಾರ್ನಾ ಎನಿಕೋ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಹೊಟ್ಟೆ ಬಂದಿತ್ತು, ತಮಾಷೆ ಹೋಗಿರಲಿಲ್ಲ.

"ಬಂದ್ಯಾ? ನೋಡು, ನನಗಿಂತ ಚೆನ್ನಾಗಿ ತಿಂತಾ ಇದೆ. ಬೀಜ ಬೇರೆ ಉಗೀತಿದೆ, ಏನು ಸಂಸ್ಕಾರ!"

"ನಿನ್ನ ಮಂಪರಿನ ಬಂದೂಕು ಎಲ್ಲಿ?"

"ಜುಲೈನಲ್ಲಿ ರಿಪೇರಿಗೆ ಕಳಿಸಿದ್ದು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತಾರೆ. ಕರಡಿಗೂ ಅದನ್ನೇ ಹೇಳೋಣ್ವಾ?"

ಮೇಯರ್ ನಗಲಿಲ್ಲ. ಅವನ ಮೊಮ್ಮಗಳು ಎರಡನೇ ಕ್ಲಾಸಿನಲ್ಲಿದ್ದಳು. "ಆಜ್ಞೆಗೆ ಸಹಿ ಹಾಕಿದೀನಿ. ಹೊಡೀರಿ. ಬೇಗ."

ಡೇನೆಶ್ ಆಗಲೇ ಅವಳ ಹೆಗಲಿನಿಂದ ರೈಫಲ್ ಇಳಿಸಿಕೊಳ್ಳುತ್ತಿದ್ದ. "ನೀ ಹೋಗಿ ಜಾಗ ನೋಡ್ಕೊಂಡು ಬಾ, ಹುಡುಗಿ. ನಾನು ಹಾಕಿಡ್ತೀನಿ."

ಎನಿಕೋ ಅವನ ಕೈಯನ್ನು ನೋಡಿದಳು. ಕಾರಿನ ಬಾನೆಟ್ಟಿನ ಮೇಲೆ ಹಾಸಿದ ಕಂಬಳಿಯ ಮೇಲೆ ಆ ಕೈ ಸುಮ್ಮನೆ ಕೂತಿತ್ತು, ನಡುಗುತ್ತಿರಲಿಲ್ಲ. ಅಥವಾ ಅವನು ಒತ್ತಿ ಹಿಡಿದಿದ್ದ. "ಕೊಡಿ ಮಾಮ, ನಾನೇ ಹಾಕ್ತೀನಿ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಮೇಯರ್ ಶಾಲೆಯ ಕಿಟಕಿಯತ್ತ, ಪೊಲೀಸ ರಸ್ತೆಯತ್ತ ತಿರುಗಿದ್ದರೂ ಮಾತು ಕೇಳುವಷ್ಟು ಹತ್ತಿರದಲ್ಲಿದ್ದರು; ಬಾರ್ನಾ ನೋಡುತ್ತಿದ್ದ. ಎಲ್ಲರ ಎದುರಿಗೆ ಆ ಮಾತನ್ನಾಡಿದರೆ ಅವನು ಇನ್ನು ತಲೆಯೆತ್ತಿ ಓಡಾಡುವುದು ಹೇಗೆ?

"ಸರಿ ಮಾಮ" ಎಂದು ಬಾರ್ನಾ ಜೊತೆ ಗೋಡೆಯ ತುದಿಗೆ ಹೋದಳು.

ದೊಡ್ಡ ಹೆಣ್ಣು ಕರಡಿ, ಮರಿಗಳಿಲ್ಲ. ಅರವತ್ತು ಹೆಜ್ಜೆ ದೂರದಲ್ಲಿ ಪ್ಲಮ್ ಮರದ ಬುಡಕ್ಕೆ ಒರಗಿ, ಮುರಿದ ಕೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿತ್ತು. ಅದರ ಬಲಕ್ಕೆ ಇಳಿಜಾರು, ಕೆಳಗೆ ಹಳ್ಳ, ಹಳ್ಳದ ಉದ್ದಕ್ಕೂ ಪೊದೆ. ಸೌದೆಯ ಒಟ್ಟಿಲೊಂದು ಬಂದೂಕು ಊರಲು ಹೇಳಿ ಮಾಡಿಸಿದಂತಿತ್ತು.

ಅವಳು ಹಿಂತಿರುಗಿದಾಗ ರೈಫಲ್ ಸಿದ್ಧವಾಗಿತ್ತು. ಬೋಲ್ಟ್ ಎಳೆದು ನೋಡಿದಳು. ತಲೆ ಸರಿಯಾಗಿತ್ತು. ಮ್ಯಾಗಜಿನ್ನಿನಲ್ಲಿ ನಾಲ್ಕು ದಪ್ಪ ತೋಟಾಗಳಿದ್ದವು. ರೈಫಲ್ ಮೇಲೆ ಕೂರಿಸಿದ ಗುರಿ ದುರ್ಬೀನಿನ ತಿರುಗಣೆಯನ್ನೂ ಅವನು ದಪ್ಪ ನಳಿಗೆಯ ಗುರುತಿಗೆ ತಂದಿಟ್ಟಿದ್ದ. ತಿರುಪು ಬಿಗಿಯುವ ಕೀಲಿ ಅವನ ಅಂಗಿಯ ಜೇಬಿನಲ್ಲಿತ್ತು, ತುದಿ ಹೊರಗೆ ಇಣುಕುತ್ತಿತ್ತು.

"ಕಾಗದಕ್ಕೊಂದು ಈಡು?" ಎಂದಳು.

"ತಲೆ ಕೆಟ್ಟಿದ್ಯಾ?" ಮೇಯರ್ ಪಿಸುದನಿಯಲ್ಲೇ ಕೂಗಿದ. "ಒಂದು ಸದ್ದಾದ್ರೆ ಅದು ಎತ್ತ ಓಡುತ್ತೆ ಅಂತ ನಿಂಗೆ ಗೊತ್ತಾ? ಮನೆಗಳ ಕಡೆ ಬಂದ್ರೆ?"

ಅವಳು ಡೇನೆಶ್ ಕಡೆ ನೋಡಿದಳು. ಈ ನಿಯಮ ಅವನದು. ಬಿಡುವುದಿದ್ದರೆ ಅವನೇ ಬಿಡಬೇಕು.

"ಅರವತ್ತು ಹೆಜ್ಜೆ ತಾನೆ" ಎಂದ ಅವನು. "ಏಪ್ರಿಲ್‌ನಲ್ಲಿ ನೀನೇ ಗುರಿ ಕೂರಿಸಿದ ನಳಿಗೆ. ಹೋಗು."

ಒಟ್ಟಿಲಿನ ಮೇಲೆ ಚೀಲವಿಟ್ಟು ಅದರ ಮೇಲೆ ರೈಫಲ್ ಊರಿದಳು. ಕರಡಿ ಎದ್ದು ಇನ್ನೊಂದು ಕೊಂಬೆಗೆ ಕೈಚಾಚಿ ಅಡ್ಡಲಾಗಿ ನಿಂತಿತು. ಭುಜದ ಹಿಂದೆ ಒಂದು ಗೇಣು. ಉಸಿರು ಬಿಟ್ಟಳು, ಒತ್ತಿದಳು.

ಗುಂಡು ಬಿದ್ದ ಸದ್ದು ಅವಳಿಗೆ ಕೂಡಲೇ ತಪ್ಪೆನಿಸಿತು. ಎಲುಬಿಗೆ ಬಿದ್ದರೆ ಗಟ್ಟಿ ಸದ್ದು. ಇದು ಒದ್ದೆ ಮೂಟೆಗೆ ದೊಣ್ಣೆಯಿಂದ ಹೊಡೆದಂತಿತ್ತು. ಕರಡಿ ಗಿರಕಿ ಹೊಡೆದು ತನ್ನ ಹಿಂದಿನ ಹೊಟ್ಟೆಯನ್ನೇ ಕಚ್ಚಿಕೊಂಡಿತು, ಅರಚಿತು, ಇಳಿಜಾರಿಗೆ ಉರುಳಿಬಿತ್ತು. ಬೋಲ್ಟ್ ಎಳೆದು ಎರಡನೆಯ ಈಡು ಹೊಡೆದಳು. ಕರಡಿಗಿಂತ ಒಂದು ಮಾರು ಆಚೆ ಪ್ಲಮ್ ಕೊಂಬೆ ಸಿಡಿದು ಬಿತ್ತು. ಅವಳ ಎಡಗೈಯೊಳಗೆ ನಳಿಗೆ ಕೂದಲೆಳೆಯಷ್ಟು ಅಲುಗಿತು. ಕರಡಿ ಹಳ್ಳದ ಪೊದೆಯೊಳಗೆ ನುಗ್ಗಿ ಮರೆಯಾಯಿತು.

ಗಾಯವಾದ ಕರಡಿಯ ಹಿಂದೆ ಅರ್ಧ ಗಂಟೆ ಹೋಗಬಾರದು. ಆ ಅರ್ಧ ಗಂಟೆ ಅವಳಿಗೆ ಸಿಗಲಿಲ್ಲ. ಹಳ್ಳದ ಆಚೆ ದಡದಲ್ಲಿ ಒಬ್ಬ ಹೆಂಗಸು ನೀರಿನ ಪೈಪು ಹಿಡಿದು ಪ್ಲಮ್ ಸಾರಾಯಿಯ ಪೀಪಾಯಿ ತೊಳೆಯುತ್ತಿದ್ದಳು. ಪೀಪಾಯಿಯೊಳಗೆ ನೀರು ಬೀಳುವ ಸದ್ದಿಗೆ ಅವಳಿಗೆ ಈಡಿನ ಸದ್ದೂ ಕೇಳಿದಂತಿರಲಿಲ್ಲ. ತಲೆಯೂ ಎತ್ತಲಿಲ್ಲ.

"ಅಕ್ಕಾ! ಒಳಗೆ ಹೋಗಿ! ಅಕ್ಕಾ!" ಬಾರ್ನಾ ಕೂಗಿದ. ಆಮೇಲೆ ಓಡಿದ.

"ಬಾರ್ನಾ, ನಿಲ್ಲು!"

"ನೀ ಹಿಂದೆ ಇದ್ದೀಯಲ್ಲ, ಬಾ!" ಎಂದ, ಓಡುತ್ತಲೇ. ಅಷ್ಟು ದಪ್ಪನೆಯ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ.

ಹೆಂಗಸು ತಲೆಯೆತ್ತಿದಳು, ಪೈಪು ಬಿಸಾಕಿ ಮನೆಯೊಳಗೆ ಓಡಿದಳು. ಬಾರ್ನಾ ಹಳ್ಳದ ನಡುವೆ, ಮೊಣಕಾಲು ನೀರಿನಲ್ಲಿದ್ದ. ಅವನ ಎಡಗಡೆ ಪೊದೆ ತೆರೆದುಕೊಂಡಿತು, ಕರಡಿ ನುಗ್ಗಿ ಅವನನ್ನು ಕೆಡವಿತು. ಕೂಗಲೂ ಅವನಿಗೆ ಪುರಸೊತ್ತಾಗಲಿಲ್ಲ. ಎನಿಕೋ ನೀರಿಗೆ ಇಳಿದು ಆರು ಹೆಜ್ಜೆಯ ಅಂತರಕ್ಕೆ ಬಂದು ಕರಡಿಯ ಕಿವಿಯ ಕೆಳಗೆ ಹೊಡೆದಳು. ಆರು ಹೆಜ್ಜೆಯಲ್ಲಿ ಯಾವ ನಳಿಗೆಯೂ ತಪ್ಪುವುದಿಲ್ಲ. ಕರಡಿ ಬಾರ್ನಾನ ಮೇಲೆಯೇ ಕುಸಿಯಿತು. ಅವಳು, ಪೊಲೀಸ, ಮೇಯರ್ ಮೂವರೂ ಸೇರಿ ಅದನ್ನು ಹೊರಳಿಸುವಷ್ಟರಲ್ಲಿ ಹಳ್ಳದ ನೀರು ಕೆಳಗಿನ ಸೇತುವೆಯವರೆಗೂ ಬಣ್ಣ ತಿರುಗಿತ್ತು.

ಹೆಲಿಕಾಪ್ಟರ್ ಬರಲು ನಲವತ್ತು ನಿಮಿಷ ಹಿಡಿಯಿತು. ಬಾರ್ನಾ ಇಪ್ಪತ್ತು ನಿಮಿಷ ಬದುಕಿದ್ದ. ಕತ್ತಿನ ಗಾಯಕ್ಕೆ ಎನಿಕೋ ಎರಡೂ ಕೈ ಒತ್ತಿ ಹಿಡಿದಿದ್ದಳು.

ಜಿಲ್ಲಾ ಕೇಂದ್ರದಿಂದ ಬಂದ ಅಧಿಕಾರಿ ಕನ್ನಡಕದ ಮೃದು ಮನುಷ್ಯ. ಶಾಲೆಯ ಮಾಸ್ತರರ ಕೋಣೆಯಲ್ಲಿ ಮೇಜಿನ ಮೇಲೆ ರೈಫಲ್ ಇಟ್ಟುಕೊಂಡು ನಳಿಗೆಯನ್ನು ಎರಡು ಬೆರಳಿನಿಂದ ಹಿಡಿದು ಅಲುಗಿಸಿದ. ಸಣ್ಣಗೆ ಕಟಕಟ ಎಂದಿತು. ಮುಂದಿನ ತಿರುಪು ಬಿಗಿಯಾಗಿತ್ತು. ಹಿಂದಿನದು ಬೆರಳಿನಿಂದಲೇ ಮುಕ್ಕಾಲು ಸುತ್ತು ತಿರುಗಿತು. ಕೀಲಿ ಅದನ್ನು ಮುಟ್ಟಿರಲೇ ಇಲ್ಲ.

"ಈ ನಳಿಗೆ ಹಾಕಿದ್ದು ಯಾರು?"

ಮೇಯರ್ ಕಿಟಕಿಯ ಹೊರಗೆ ನೋಡಿದ. ನಳಿಗೆ ಹಾಕುವ ಹೊತ್ತಿನಲ್ಲಿ ಅವನು ಮೊಮ್ಮಗಳು ಇಣುಕುತ್ತಿದ್ದ ಕಿಟಕಿಯ ಬಳಿಯೇ ಇದ್ದ. ಬಾನೆಟ್ಟಿನ ಮೇಲೆ ಏನು ನಡೆಯಿತೆಂದು ನಿಜವಾಗಿ ನೋಡಿರಲಿಲ್ಲ. ಪೊಲೀಸ ರಸ್ತೆ ತಡೆಯಲು ಹೋಗಿದ್ದ. ಡೇನೆಶ್ ರೈಫಲ್ ತೆಗೆದುಕೊಂಡದ್ದನ್ನು ನೋಡಿದ್ದವನು ಬಾರ್ನಾ ಒಬ್ಬನೇ. ಡೇನೆಶ್ ಬಾಗಿಲ ಪಕ್ಕ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಟೋಪಿ ನಡುಗುತ್ತಿತ್ತು. ಲೈಸೆನ್ಸಿಲ್ಲದವನು ಬಂದೂಕು ಮುಟ್ಟಿದ್ದು, ಅದರಿಂದ ಒಂದು ಜೀವ ಹೋದದ್ದು: ಅರವತ್ತೆಂಟು ವರ್ಷದವನಿಗೆ ಅದು ಜೈಲಿನಲ್ಲೇ ಕೊನೆಯಾಗುವ ಲೆಕ್ಕ. ಅವನ ಕೈ ಹೀಗೆಂದು ಗೊತ್ತಿದ್ದೂ ರೈಫಲ್ ಕೊಟ್ಟವಳು ತಾನು. ಗೊತ್ತಿದ್ದೂ ತಿರುಪು ಮುಟ್ಟಿ ನೋಡದವಳು ತಾನು.

"ನಾನು" ಎಂದಳು ಎನಿಕೋ.

ಅಧಿಕಾರಿ ಬರೆದುಕೊಂಡ. ಅವನು ಬರೆಯುತ್ತಿದ್ದಷ್ಟು ಹೊತ್ತೂ ಅವಳು ಬಾಗಿಲ ಕಡೆಯಿಂದ ಒಂದು ಕೆಮ್ಮಿಗೆ, ಒಂದು ಹೆಜ್ಜೆಗೆ ಕಾದಳು. 'ಇಲ್ಲ ಸ್ವಾಮಿ, ಅವಳಲ್ಲ' ಎಂದು ಅವನು ಅಂದರೆ ತಾನು ಅಲ್ಲಗಳೆಯಬೇಕು ಎಂದೂ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಅದರ ಅಗತ್ಯ ಬೀಳಲಿಲ್ಲ. ಡೇನೆಶ್ ಟೋಪಿ ಹಾಕಿಕೊಂಡು ಹೊರಗೆ ಹೋದ.

ಬಾರ್ನಾನ ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಅವನ ಹೆಂಡತಿ ಮಾಗ್ದಾ ಎಲ್ಲರ ಕೈ ಹಿಡಿದಳು, ಎನಿಕೋ ಎದುರು ಬಂದಾಗ ಕೈ ಹಿಂದಕ್ಕೆ ಸರಿಸಿಕೊಂಡಳು. ಚಳಿಗಾಲದ ಹೊತ್ತಿಗೆ ಕೋರ್ಟಿನ ತೀರ್ಪು ಬಂತು. ಎನಿಕೋಗೆ ಎರಡು ವರ್ಷದ ಸಜೆ, ಇನ್ನೊಂದು ತಪ್ಪು ಮಾಡದಿದ್ದರೆ ಒಳಗೆ ಹೋಗಬೇಕಾಗಿಲ್ಲ. ಬಂದೂಕು ಮಾತ್ರ ಜೀವಮಾನದಲ್ಲಿ ಮುಟ್ಟುವಂತಿಲ್ಲ. ಸಂಘದವರು ಹೊಸಬನನ್ನು ಇಟ್ಟುಕೊಂಡರು. ಎನಿಕೋ ಪಕ್ಕದೂರಿನ ನೀರಿನ ಕಾರ್ಖಾನೆಯಲ್ಲಿ ಬಾಟಲಿಗಳ ಕ್ರೇಟು ಎತ್ತುವ ಕೆಲಸಕ್ಕೆ ಸೇರಿದಳು. "ಮೀಸೆ ಇಲ್ದೋರಿಗೆ ಬಂದೂಕು ಕೊಟ್ರೆ ಇದೇ ಆಗೋದು" ಎಂದು ಹೆಂಡದಂಗಡಿಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಈ ಸಲ ಎದ್ದು ನಿಲ್ಲುವವರು ಯಾರೂ ಇರಲಿಲ್ಲ.

ಡೇನೆಶ್ ಒಂದು ದಿನವೂ ಬರಲಿಲ್ಲ. ಫೋನೂ ಇಲ್ಲ. ನಾಚಿಕೆಯಿಂದ ಬೆಂದು ಹೋಗುತ್ತಿರಬೇಕು ಎಂದುಕೊಂಡು ಅವಳು ತಡೆದಳು. ಕುಡಿಯಲು ಶುರು ಮಾಡಿದ್ದಾನೋ, ಏನಾದರೂ ಮಾಡಿಕೊಳ್ಳುತ್ತಾನೋ ಎಂದು ಹೆದರಿದಳು ಕೂಡ. ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಹಿಮ ತುಳಿದುಕೊಂಡು ಅವನ ಮನೆಗೆ ಹೋದಳು. ಮಾಮನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡಳು: ಹೋಗಲಿ ಬಿಡಿ ಮಾಮ, ನನಗೇನೂ ಬೇಜಾರಿಲ್ಲ, ಸುಮ್ಮನೆ ಕೂತು ಸೊರಗಬೇಡಿ.

ಅವನು ಸೊರಗಿರಲಿಲ್ಲ. ಗಡ್ಡ ಬೋಳಿಸಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಬ್ರೆಡ್ಡು, ಹಂದಿ ಕೊಬ್ಬು, ಹೆಚ್ಚಿದ ಈರುಳ್ಳಿ ಮೇಜಿನ ಮೇಲಿಟ್ಟ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತ.

"ತಿನ್ನು. ಇಳಿದುಹೋಗಿದ್ದೀಯ."

"ಒಂದು ಸಲ ಬರ್ತೀರಿ ಅಂದ್ಕೊಂಡಿದ್ದೆ ಮಾಮ."

"ಬರಬೇಕು ಅಂತಾನೇ ಇದ್ದೆ. ಆದ್ರೆ ಹೇಗೆ ಹೇಳೋದು, ನಂಗೆ ಸ್ವಲ್ಪ ಸಿಟ್ಟಿತ್ತು ನಿನ್ನ ಮೇಲೆ." ಅವನು ಒಲೆಯ ಕಡೆ ನೋಡಿದ. "ಈಗಿಲ್ಲ. ನೀನು ಒಪ್ಪಿಕೊಂಡೆಯಲ್ಲ, ಅದು ದೊಡ್ಡದು. ತಪ್ಪು ಮಾಡಿದ್ಮೇಲೆ ಎದುರಿಗೆ ನಿಂತು ನಾನು ಅಂತ ಹೇಳೋದನ್ನೂ ನಾನೇ ನಿಂಗೆ ಕಲಿಸಿದ್ದು ಅಂತ ಸಮಾಧಾನ ಮಾಡ್ಕೊಂಡೆ."

ಎನಿಕೋ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟಳು. "ಏನು ತಪ್ಪು ಮಾಮ?"

"ನಾನು ಎರಡೂ ತಿರುಪು ಬಿಗಿದು ಕೊಟ್ಟಿದ್ದೆ. ಟಕ್, ಟಕ್. ಎರಡು ಸಲ ಕೇಳಿಸ್ತು ನಂಗೆ. ಆಮೇಲೆ ನೀನೇನೋ ಸಡಿಲ ಮಾಡಿ ನೋಡಿದ್ದೀಯ. ನಿನ್ನದು ಯಾವಾಗ್ಲೂ ಎರಡೆರಡು ಸಲ ನೋಡೋ ಚಟ. ಅವಸರದಲ್ಲಿ ಮತ್ತೆ ಬಿಗಿಯೋದು ಮರೆತೆ. ಆಗುತ್ತೆ."

"ತಿರುಪಿನ ಕೀಲಿ ನಿಮ್ಮ ಜೇಬಿನಲ್ಲಿತ್ತು."

"ನಿನ್ನ ಹತ್ರಾನೂ ಒಂದಿತ್ತಲ್ಲ."

ಇತ್ತು. ಅವಳ ಗಾಡಿಯಲ್ಲಿ, ಹಿಂದಿನ ಡಬ್ಬಿಯಲ್ಲಿ. ಆ ದಿನ ಅದು ಡಬ್ಬಿಯಿಂದ ಹೊರಗೆ ಬಂದಿರಲಿಲ್ಲ. ಅವನ ಮುಖವನ್ನೇ ದಿಟ್ಟಿಸಿದಳು. ಸುಳ್ಳು ಹೇಳುವವನ ಮುಖವಲ್ಲ ಅದು. ಇಪ್ಪತ್ತು ವರ್ಷದಿಂದ ಆ ಮುಖವನ್ನು ಬಲ್ಲವಳು ಅವಳು. ಅವನು ಆಡಿದ ಪ್ರತಿ ಮಾತನ್ನೂ ನಂಬಿದ್ದ. ಆ ಟಕ್ ಎಂಬ ಸದ್ದು ಅವನಿಗೆ ನಿಜವಾಗಿಯೂ ಎರಡು ಸಲ ಕೇಳಿಸಿತ್ತು. ಈಗಲೂ ಕೇಳಿಸುತ್ತಿತ್ತು.

"ಕೈ ತೋರಿಸಿ ಮಾಮ" ಎಂದಳು.

"ಯಾಕೆ?"

"ಮೇಜಿನ ಮೇಲಿಡಿ."

ಅವನು ಇಡಲಿಲ್ಲ. "ನಿನ್ನನ್ನ ಆವತ್ತು ಸಂಘಕ್ಕೆ ಸೇರಿಸ್ಕೊಂಡಿದ್ದು ನಾನು" ಎಂದ, ಅದೇ ಉತ್ತರ ಎಂಬಂತೆ.

"ಗೊತ್ತು" ಎಂದು ಎನಿಕೋ ಎದ್ದಳು.

ಅಲ್ಲಿಂದ ಸೀದಾ ಬಾರ್ನಾನ ಮನೆಗೆ ಹೋದಳು. ಹೋಗಬೇಕೆಂದು ಯೋಚಿಸಿ ಹೋದದ್ದಲ್ಲ, ಕಾಲು ತಾನಾಗಿಯೇ ಅತ್ತ ನಡೆಯಿತು. ಮಾಗ್ದಾ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಬೇಲಿಯ ಆಚೆ ನಿಂತೇ ಎನಿಕೋ ಎಲ್ಲವನ್ನೂ ಹೇಳಿದಳು. ನಡುಗುವ ಕೈ, ಬಾನೆಟ್ಟಿನ ಮೇಲಿನ ಕಂಬಳಿ, ಜೇಬಿನ ಕೀಲಿ, ತಾನು ಕೋರ್ಟಿನಲ್ಲಿ ಹೇಳಿದ ಸುಳ್ಳು. ಮಾಗ್ದಾ ಕೊಡಲಿಯನ್ನು ಕೊರಡಿಗೆ ನೆಟ್ಟು ಕೊನೆಯವರೆಗೂ ಕೇಳಿದಳು.

"ಯಾರ ಕೈ ಅಂತ ಹೇಳಿದ್ರೆ ನಂಗೆ ಹಗುರ ಆಗುತ್ತೆ ಅಂದ್ಕೊಂಡ್ಯಾ?"

"ಇಲ್ಲ."

"ಮತ್ತೆ ನಿನಗೆ ಹಗುರ ಆಗ್ಲಿ ಅಂತಾನಾ?"

ಎನಿಕೋ ಬೇಲಿಯ ಗೂಟದ ಮೇಲಿನ ಹಿಮವನ್ನು ಬೆರಳಿನಿಂದ ಕೆಡವಿದಳು.

"ಆ ಮುದುಕನ ಕೈ ನಡುಗುತ್ತೆ ಅಂತ ಇಡೀ ಊರಿಗೆ ಗೊತ್ತಿತ್ತು" ಎಂದಳು ಮಾಗ್ದಾ. "ಬಾರ್ನಾಗೂ ಗೊತ್ತಿತ್ತು. ನನ್ನ ಹತ್ರ ಎಷ್ಟೋ ಸಲ ಹೇಳಿದ್ದ. ಆವತ್ತು ಅವನೂ ಅಲ್ಲೇ ನಿಂತಿದ್ದ, ನೋಡ್ತಾ ಇದ್ದ. ಅವನೂ ಬಾಯಿ ಬಿಡಲಿಲ್ಲ. ಮಾತಾಡೋದ್ರಲ್ಲಿ ಯಾರಿಗೂ ಕಮ್ಮಿ ಇರಲಿಲ್ಲ ಅವನು, ಆವತ್ತು ಅದೊಂದನ್ನ ಬಿಟ್ಟು." ಕೊಡಲಿಯ ಹಿಡಿಯನ್ನು ಹಿಡಿದು ಎಳೆದಳು, ಅದು ಕೊರಡಿನಿಂದ ಬರಲಿಲ್ಲ. ಮತ್ತೆ ಎಳೆದಳು.

ಎನಿಕೋ ಬೇಲಿಯ ಬಾಗಿಲಿನ ಮೇಲೆ ಕೈಯಿಟ್ಟಳು.

"ಬೇಡ" ಎಂದಳು ಮಾಗ್ದಾ, ತಿರುಗಿ ನೋಡದೆ. "ಹೋಗು ನೀನು. ಇನ್ನೊಂದು ದಿನ ಬಾ. ಇವತ್ತು ಬೇಡ."

ಎನಿಕೋ ಹೊರಟಳು. ಸಂಜೆಯ ಪಾಳಿಗೆ ಕಾರ್ಖಾನೆಯ ಬಸ್ಸು ನಾಲ್ಕೂವರೆಗೆ ಚರ್ಚಿನ ಮುಂದೆ ನಿಲ್ಲುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಬೇಗ ಹೋಗಿ ಅಲ್ಲಿ ನಿಂತುಕೊಂಡಳು.